ಹನ್ನೆರಡನೇ ಪಾಯಿಂಟ್

ಮೈಸೂರಿಗೆ ಹೋಗಿ ಅರಮನೆ ನೋಡಿ ಬರೋಣ ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಯಾರಾದರೂ ಹಾಕಿದರೆ ಸಾಕು, ಐದು ನಿಮಿಷದಲ್ಲಿ ಇನ್ಯಾರೋ ಒಂದು ಪಟ್ಟಿ ಫಾರ್ವರ್ಡ್ ಮಾಡುತ್ತಾರೆ. ಬೆಳಗ್ಗೆ ಆರಕ್ಕೆ ಬೆಂಗಳೂರಿಂದ ಟಿಟಿ, ಅಂದರೆ ಟೆಂಪೊ ಟ್ರಾವೆಲರ್, ಹೊರಡುತ್ತದೆ. ಬಿಡದಿಯಲ್ಲಿ ತಟ್ಟೆ ಇಡ್ಲಿ. ಶ್ರೀರಂಗಪಟ್ಟಣದಲ್ಲಿ ರಂಗನಾಥ, ದರಿಯಾ ದೌಲತ್, ಗುಂಬಜ್, ಸಂಗಮ. ಆಮೇಲೆ ಚಾಮುಂಡಿ ಬೆಟ್ಟ, ಇಳಿಯುವಾಗ ನಂದಿ, ಕೆಳಗೆ ಬಂದು ಝೂ, ಅರಮನೆ, ಜಗನ್ಮೋಹನ, ಚರ್ಚು, ಸಂಜೆಗೆ ಕೆಆರ್‌ಎಸ್. ಒಂದೇ ದಿನ, ಹನ್ನೆರಡು ಪಾಯಿಂಟ್, ತಲೆಗೆ ಇಷ್ಟು.

ಎಣಿಸಿ ನೋಡಿ, ಹನ್ನೊಂದೇ ಬರುತ್ತದೆ. ಹನ್ನೆರಡನೆಯದನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಅದು ಸೀರೆ ಅಂಗಡಿ.

ಉಳಿದ ಹನ್ನೊಂದರಲ್ಲಿ ಯಾವುದು ಬೇಕಾದರೂ ತಪ್ಪಬಹುದು. ಮಂಗಳವಾರ ಹೋದರೆ ಝೂಗೆ ರಜೆ. ಬೆಟ್ಟದಲ್ಲಿ ಕ್ಯೂ ಜಾಸ್ತಿ ಇದ್ದರೆ ಚರ್ಚು ಕಟ್. ಮಳೆ ಬಂದರೆ ಸಂಗಮ ಕಟ್. ಆದರೆ ಸೀರೆ ಅಂಗಡಿ ಮಾತ್ರ ಮಳೆ, ಬಿಸಿಲು, ಬಂದ್ ಯಾವುದಕ್ಕೂ ತಪ್ಪುವುದಿಲ್ಲ. "ಸುಮ್ನೆ ಒಂದ್ ಹತ್ತು ನಿಮಿಷ ಸಾರ್, ಎಸಿ ಇದೆ, ತಗೋಬೇಕು ಅಂತೇನಿಲ್ಲ, ಮೇಡಂ ನೋಡ್ಲಿ" ಅಂತ ಡ್ರೈವರ್ ಹೇಳುತ್ತಾರೆ. ಆ ಹತ್ತು ನಿಮಿಷ ಮುಗಿಯುವಷ್ಟರಲ್ಲಿ ಒಂದೂಕಾಲು ಗಂಟೆ ಆಗಿರುತ್ತದೆ. ಅರಮನೆಗೆ ಕೊಟ್ಟಿದ್ದು ಮುಕ್ಕಾಲು ಗಂಟೆ.

ತಮಾಷೆ ಅಂದರೆ ಇಡೀ ಪ್ರವಾಸದಲ್ಲಿ ನಿಮಗೆ ಯಾರಾದರೂ ಕೂರಿಸಿ, ಸಮಾಧಾನವಾಗಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಇತಿಹಾಸ ಹೇಳುವುದು ಆ ಅಂಗಡಿಯಲ್ಲೇ. ಮಹಾರಾಜರು, ರೇಷ್ಮೆ, ಜರಿ, ಯಾವ ಮಹಾರಾಣಿಗೆ ಯಾವ ಬಣ್ಣ ಇಷ್ಟ, ಎಲ್ಲ ಗೊತ್ತು ಅವರಿಗೆ. ನಿಜವಾದ ಮೈಸೂರು ಸಿಲ್ಕ್ ನೇಯುವ ಸರ್ಕಾರಿ ಕಾರ್ಖಾನೆ ಅದೇ ಊರಿನ ಮಾನಂದವಾಡಿ ರಸ್ತೆಯಲ್ಲಿದೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾಗಿದ್ದು. ಟಿಟಿ ಆ ಕಡೆ ತಿರುಗುವುದಿಲ್ಲ. ಅಲ್ಲಿ ಕಮಿಷನ್ ಇಲ್ಲ ನೋಡಿ.

ಇನ್ನು ಅರಮನೆಯ ಮುಕ್ಕಾಲು ಗಂಟೆಯ ಕತೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಂಭ್ರಮದಲ್ಲಿ ಹಳೇ ಮರದ ಅರಮನೆಗೆ ಬೆಂಕಿ ಬಿತ್ತು. ಆಗ ರಾಜ್ಯ ನೋಡಿಕೊಳ್ಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಹೊಸದು ಕಟ್ಟಿಸಲು ಹೆನ್ರಿ ಇರ್ವಿನ್ ಎಂಬ ಎಂಜಿನಿಯರನ್ನು ಹಿಡಿದರು. ಮುಗಿದಿದ್ದು 1912ಕ್ಕೆ. ಆ ಕಾಲದ ಲೆಕ್ಕದಲ್ಲಿ 41 ಲಕ್ಷಕ್ಕೂ ಜಾಸ್ತಿ ಖರ್ಚು. ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಹಡಗು ಹತ್ತಿ ಬಂದವು. ಇಷ್ಟೆಲ್ಲ ಮಾಡಿ ಹದಿನೈದು ವರ್ಷ ಕಟ್ಟಿದ್ದನ್ನು ನೀವು ನಲವತ್ತೈದು ನಿಮಿಷದಲ್ಲಿ ಮುಗಿಸಬೇಕು, ಅದರಲ್ಲೂ ಕಾಲು ಗಂಟೆ ಚಪ್ಪಲಿ ಕೌಂಟರಿಗೆ ಹೋಗುತ್ತದೆ.

ಒಳಗೆ ಹೋದ ಮೇಲೆ ನಡೆಯುವ ಕೆಲಸ ನಿಮ್ಮದಲ್ಲ, ಹಿಂದಿನವರು ನೋಡಿಕೊಳ್ಳುತ್ತಾರೆ. ಗೊಂಬೆ ತೊಟ್ಟಿ ದಾಟಿದ್ದು ಗೊತ್ತಾಗುವುದಿಲ್ಲ. ಕಲ್ಯಾಣ ಮಂಟಪಕ್ಕೆ ಬಂದಾಗ ಎಲ್ಲರೂ ಒಟ್ಟಿಗೆ ಕತ್ತು ಮೇಲೆತ್ತುತ್ತಾರೆ, ಸೂರಿನಲ್ಲಿ ಬಣ್ಣದ ಗಾಜಿನ ನವಿಲುಗಳಿವೆ, ಎತ್ತಿದ ಕತ್ತಿನ ಜೊತೆ ಮೊಬೈಲೂ ಮೇಲೇಳುತ್ತದೆ. ಸುತ್ತ ಗೋಡೆ ಮೇಲೆ ಇರುವುದನ್ನು ಯಾರೂ ನೋಡುವುದಿಲ್ಲ. ಹಳೇ ದಸರಾ ಮೆರವಣಿಗೆಯ 26 ಚಿತ್ರಗಳು ಅಲ್ಲಿವೆ, ಆಗಿನ ಫೋಟೋಗಳನ್ನು ಇಟ್ಟುಕೊಂಡು ಬರೆದಿದ್ದು. ಆನೆ, ಕುದುರೆ, ಪೇಟ ಸುತ್ತಿದವರು, ಬೀದಿ ಬದಿ ನಿಂತ ಜನ, ಒಂದೊಂದು ಮುಖವೂ ಬೇರೆ. ಒಂದು ಚಿತ್ರದ ಮುಂದೆ ನಿಂತು ಇವರು ಯಾರಿರಬಹುದು ಅಂತ ಯೋಚಿಸುವಷ್ಟರಲ್ಲಿ "ಮೂವ್, ಮೂವ್" ಅಂತ ಸೀಟಿ ಊದುತ್ತಾರೆ. ದರ್ಬಾರ್ ಹಾಲಿಗೆ ಬರುವ ಹೊತ್ತಿಗೆ ಡ್ರೈವರಿಂದ ಮೂರು ಮಿಸ್ಡ್ ಕಾಲ್.

ಸರಿ, ಒಂದು ಅರಮನೆ ಆಯಿತು. ಅರಮನೆಗಳ ನಗರಿ ಅಂತ ಬೋರ್ಡು ಇದೆಯಲ್ಲ, ಉಳಿದವು ಎಲ್ಲಿ? ಇವೆ ಸ್ವಾಮಿ, ಬೇಕಾದಷ್ಟಿವೆ. ಆದರೆ ಅವುಗಳನ್ನು ನೋಡಲು ಟಿಕೆಟ್ ಸಾಲದು, ಮೊದಲು ಕೆಲಸ ಗಿಟ್ಟಿಸಬೇಕು. ಚೆಲುವಾಂಬ ಮ್ಯಾನ್ಷನ್ ನೋಡಬೇಕೆಂದರೆ ಆಹಾರ ವಿಜ್ಞಾನ ಓದಿ, ಅದು ಈಗ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆ. ಕಾರಂಜಿ ಮ್ಯಾನ್ಷನ್ ಬೇಕಾದರೆ ಅಂಚೆ ಇಲಾಖೆಗೆ ಸೇರಿ, ಅದು ಅವರ ತರಬೇತಿ ಕೇಂದ್ರ. ಜಯಲಕ್ಷ್ಮಿ ವಿಲಾಸ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನೊಳಗಿದೆ. ಲಲಿತ ಮಹಲ್ ವೈಸ್‌ರಾಯ್ ಬಂದರೆ ಇಳಿದುಕೊಳ್ಳಲಿ ಅಂತ 1921ರಲ್ಲಿ ಶುರು ಮಾಡಿ ಕಟ್ಟಿದ್ದು, ಈಗ ಹೋಟೆಲ್ಲು. ಒಂದು ಕಾಫಿ ಕುಡಿದರೆ ಮೆಟ್ಟಿಲು, ಕಂಬ, ಗುಮ್ಮಟ ಎಲ್ಲ ನೋಡಬಹುದು, ಬಿಲ್ಲು ನೋಡಿದ ಮೇಲೆ ನಿಮಗೂ ವೈಸ್‌ರಾಯ್ ಅನ್ನಿಸಬಹುದು. ಇವು ಯಾವುವೂ ಆ ಪಟ್ಟಿಯಲ್ಲಿಲ್ಲ. ಜಗನ್ಮೋಹನ ಇದೆ, ನಿಜ. ಬೆಂಕಿ ಬಿದ್ದ ಮೇಲೆ ರಾಜಮನೆತನ ಬಂದು ಇದ್ದಿದ್ದು ಇಲ್ಲೇ, 1902ರಲ್ಲಿ ಲಾರ್ಡ್ ಕರ್ಜನ್ ಬಂದು ನಾಲ್ವಡಿಯವರ ಪಟ್ಟಾಭಿಷೇಕ ನಡೆದಿದ್ದೂ ಇಲ್ಲೇ. ಒಳಗೆ ರವಿವರ್ಮನ ಚಿತ್ರಗಳಿವೆ, ಹಲ್ದನ್ಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ. ಪ್ಲಾನಿನಲ್ಲಿ ಇದಕ್ಕೆ ಬರೆದಿರುವುದು "ಟೈಮ್ ಇದ್ದರೆ".

ಸರ್ಕಾರದ ಪ್ಲಾನು ಇದಕ್ಕಿಂತ ಚೆನ್ನಾಗಿದೆ ಅಂತೇನಿಲ್ಲ. ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿಯಿತು, ಜನ ಸತ್ತರು. ದೇವರಾಜ ಮಾರುಕಟ್ಟೆಯ ಉತ್ತರದ ಭಾಗ 2016ರಲ್ಲಿ ಬಿತ್ತು. ಅಲ್ಲಿಂದ ಕೆಡವಬೇಕೋ, ಉಳಿಸಬೇಕೋ ಅಂತ ಸಮಿತಿ, ತಜ್ಞರ ವರದಿ, ಆ ವರದಿ ಸರಿಯಿಲ್ಲ ಅಂತ ಇನ್ನೊಂದು ಸಮಿತಿ, ಆಮೇಲೆ ಕೋರ್ಟು. ಪ್ರತಿ ದಸರಾಕ್ಕೂ ಈ ಎರಡು ಕಟ್ಟಡಗಳ ಆಸುಪಾಸಿನ ರಸ್ತೆಗಳಿಗೆ ಭರ್ಜರಿ ದೀಪಾಲಂಕಾರ ಮಾಡುತ್ತಾರೆ. ಬಿರುಕು ಇನ್ನೂ ಚೆನ್ನಾಗಿ ಕಾಣುತ್ತದೆ.

ನಮ್ಮವರಿಗೆ ತಾಕತ್ತಿಲ್ಲ ಅಂದುಕೊಳ್ಳಬೇಡಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರ ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಅದನ್ನು ಬುಡಸಮೇತ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿ ಇಟ್ಟರು. ಒಂದು ಇಟ್ಟಿಗೆ ಕಳಚಲಿಲ್ಲ ಅನ್ನುವ ಹಾಗೆ ಇಟ್ಟರು, ಮೆಚ್ಚಬೇಕು. ಅಂದರೆ ರೈಲಿಗೆ ಅಡ್ಡ ಬಂದರೆ ಹಳೇ ಕಟ್ಟಡ ಉಳಿಯುತ್ತದೆ. ಲ್ಯಾನ್ಸ್‌ಡೌನ್ ಉಳಿಯಬೇಕಾದರೆ ಸಯ್ಯಾಜಿ ರಾವ್ ರಸ್ತೆಯಲ್ಲಿ ಒಂದು ಹಳಿ ಹಾಕಿಸುವುದೇ ದಾರಿ ಅನ್ನಿಸುತ್ತದೆ.

ಈಗ ಸಂಜೆಯ ವಿಷಯ. ಭಾನುವಾರ, ಸರ್ಕಾರಿ ರಜೆ ದಿನಗಳಲ್ಲಿ ಏಳರ ಹೊತ್ತಿಗೆ ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುತ್ತದೆ, ಇರುವುದು ಮುಕ್ಕಾಲು ಗಂಟೆಯಷ್ಟೆ. ಕೆಆರ್‌ಎಸ್ ಬೃಂದಾವನದಲ್ಲಿ ಕಾರಂಜಿ ಕುಣಿಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಎರಡಕ್ಕೂ ನಡುವೆ ಇಪ್ಪತ್ತು ಕಿಲೋಮೀಟರ್ ಹತ್ತಿರ ದಾರಿ, ರಜೆ ದಿನದ ಟ್ರಾಫಿಕ್ಕು ಬೇರೆ. ಪಟ್ಟಿ ಮಾಡಿದ ಪುಣ್ಯಾತ್ಮರು ಸಂಜೆಗೆ ಕೆಆರ್‌ಎಸ್ ಮಾತ್ರ ಹಾಕಿರುತ್ತಾರೆ.

ಆರು ಗಂಟೆಗೆ ಟಿಟಿಯೊಳಗೆ ಜಗಳ ಶುರು. ಮಕ್ಕಳಿಗೆ ಕಾರಂಜಿ ಬೇಕು, ಅತ್ತೆಗೆ ಲೈಟಿಂಗ್ ಬೇಕು, ಮಾವನಿಗೆ ಮನೆ ಬೇಕು. ಸೀರೆ ಅಂಗಡಿಯ ಕವರುಗಳನ್ನು ತೊಡೆ ಮೇಲೆ ಇಟ್ಟುಕೊಂಡು ಎಲ್ಲರೂ ಕೂಗಾಡುತ್ತಿರುವಾಗ ಡ್ರೈವರ್ ಗೇರ್ ಹಾಕಿ ಕೆಆರ್‌ಎಸ್ ರಸ್ತೆಗೆ ತಿರುಗಿಸುತ್ತಾರೆ.

"ಅರಮನೆ ಮಧ್ಯಾಹ್ನ ನೋಡಿದ್ರಲ್ಲ ಅಮ್ಮ, ಅದೇ ಬಿಲ್ಡಿಂಗು, ಬಲ್ಬ್ ಹಾಕಿರ್ತಾರೆ ಅಷ್ಟೇ."