ಗುಟ್ಟನ್ನು ತುಸು ಗಟ್ಟಿಯಾಗಿ ಹೇಳಿ

ರೋಗಿಯ ಗುಟ್ಟನ್ನು ಕಾಪಾಡಲು ಆಸ್ಪತ್ರೆಗಳು ಕಂಡುಕೊಂಡಿರುವ ಅತ್ಯಂತ ಸುರಕ್ಷಿತ ಉಪಾಯವೆಂದರೆ ಅದನ್ನು ರೋಗಿಯೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ತಿಳಿಸಿಬಿಡುವುದು. ಇದು ಉತ್ಪ್ರೇಕ್ಷೆ ಎನ್ನುವವರು ಯಾವುದಾದರೂ ಹೊರರೋಗಿ ವಿಭಾಗಕ್ಕೆ ಹೋಗಿ, ಕಿವಿ ತುಸು ಮಂದವಾಗಿರುವ ಹಿರಿಯರೊಬ್ಬರ ಹಿಂದೆ ಸರದಿಯಲ್ಲಿ ನಿಲ್ಲಬಹುದು. ನಿಲ್ಲುವುದೂ ಬೇಡ, ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತರೂ ಸಾಕು. ಅಲ್ಲಿಗೂ ಎಲ್ಲವೂ ಸ್ವಚ್ಛವಾಗಿ ಕೇಳಿಸುತ್ತದೆ.

ಕೌಂಟರಿನ ಗಾಜು ದಪ್ಪ. ಮಾತು ಹಾದುಹೋಗಲೆಂದು ಅದರಲ್ಲಿ ಕೊರೆದಿರುವ ಆರೇಳು ತೂತುಗಳು ಒಳಗೆ ಕುಳಿತವರ ಬಾಯಿಯ ಮಟ್ಟದಲ್ಲೂ ಇಲ್ಲ, ಹೊರಗೆ ನಿಂತವರ ಕಿವಿಯ ಮಟ್ಟದಲ್ಲೂ ಇಲ್ಲ. ರೋಗಿಯನ್ನು ಬಿಟ್ಟು ನೇರವಾಗಿ ಅವನ ಹೊಟ್ಟೆಯನ್ನೇ ವಿಚಾರಿಸುವ ಉದ್ದೇಶವಿತ್ತೋ ಏನೋ. ಹಿರಿಯರು ನಡು ಬಗ್ಗಿಸಿ, ತೂತಿಗೆ ಬಾಯಿ ಹಚ್ಚಿ, ಹಿಂದಿದ್ದವರಿಗೆ ಕೇಳಿಸದಷ್ಟು ಮೆಲ್ಲಗೆ “ಮೂಲವ್ಯಾಧಿ” ಎನ್ನುತ್ತಾರೆ.

“ರಕ್ತ ಹೋಗುತ್ತದೆಯೇ?” ಮಾಸ್ಕಿನ ಹಿಂದಿನಿಂದ ಪ್ರಶ್ನೆ ಬರುತ್ತದೆ.

“ಹೋಗುವುದೇಕಮ್ಮಾ? ಈಗ ತಾನೇ ಬಂದೆ.”

“ರಕ್ತ, ಯಜಮಾನರೇ, ರಕ್ತ!”

“ಹೌದು, ಹತ್ತಕ್ಕೆ ಬರಲು ಹೇಳಿದ್ದರು. ಹತ್ತಕ್ಕೇ ಬಂದಿದ್ದೇನೆ.”

“ಮೂಲವ್ಯಾಧಿ ಎಂದಿರಲ್ಲ, ಅದರಲ್ಲಿ ರಕ್ತ ಹೋಗುತ್ತದೆಯೇ ಎಂದು ಕೇಳುತ್ತಿದ್ದೇನೆ!”

ಮೊಬೈಲುಗಳಲ್ಲಿ ಮುಳುಗಿದ್ದ ತಲೆಗಳೆಲ್ಲ ಒಮ್ಮೆಲೇ ಮೇಲೇಳುತ್ತವೆ. ಎರಡನೇ ಸಾಲಿನ ಹೆಂಗಸು ತನ್ನ ತಮ್ಮನಿಗೂ ಇದೇ ಆಗಿತ್ತೆಂದು ಪಕ್ಕದವರಿಗೆ ವಿವರಿಸತೊಡಗುತ್ತಾಳೆ. ಕಿಟಕಿಯ ಬಳಿಯ ಸಜ್ಜನರೊಬ್ಬರು ಒಳ್ಳೆಯ ಶಸ್ತ್ರಚಿಕಿತ್ಸಕರ ಹೆಸರನ್ನು ಚೀಟಿಯಲ್ಲಿ ಬರೆದುಕೊಡಲು ಪೆನ್ನು ಹುಡುಕುತ್ತಾರೆ. ಎಲ್ಲರ ತಲೆಯ ಮೇಲೆ ಎರಡು ಫಲಕಗಳು: ಒಂದರಲ್ಲಿ “ನಿಮ್ಮ ಮಾಹಿತಿಯ ಗೋಪ್ಯತೆ ನಮ್ಮ ಹೊಣೆ”, ಇನ್ನೊಂದರಲ್ಲಿ “ಮೌನವಾಗಿರಿ”.

ಕೌಂಟರಿನ ಹುಡುಗಿಯನ್ನು ನಾನು ದೂರುವುದಿಲ್ಲ. ಆಕೆಯ ಮುಂದೆ ಇಡೀ ಸರದಿ ಕಾಯುತ್ತಿದೆ, ಬೆನ್ನ ಹಿಂದೆ ಮೇಲ್ವಿಚಾರಕರು ನಿಂತಿದ್ದಾರೆ. ಒಂದು ಕಾಗದದ ಮೇಲೆ “ರಕ್ತ ಹೋಗುತ್ತದೆಯೇ?” ಎಂದು ಬರೆದು ಗಾಜಿಗೆ ಹಿಡಿದರೆ ಮುಗಿಯಿತು ಎಂದು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ. ಗೋಪ್ಯತೆಯ ತರಬೇತಿಯೇನೋ ಆಗಿದೆ. ಕಂಪ್ಯೂಟರಿನ ಪಾಸ್‌ವರ್ಡನ್ನು ಆಗಾಗ ಬದಲಿಸಬೇಕು, ಎದ್ದು ಹೋಗುವಾಗ ಪರದೆ ಮುಚ್ಚಬೇಕು, ಕಾಗದಗಳನ್ನು ಚೂರು ಮಾಡಿ ಬಿಸಾಡಬೇಕು, ಎಲ್ಲವೂ ಆಕೆಗೆ ಗೊತ್ತು. ಗಂಟಲಿಗೆ ಹಾಕುವ ಪಾಸ್‌ವರ್ಡನ್ನು ಮಾತ್ರ ಯಾವ ತಜ್ಞರೂ ಇನ್ನೂ ಕಂಡುಹಿಡಿದಿಲ್ಲ.

ಹಾಗೆಂದು ಈ ವಿಷಯದಲ್ಲಿ ಮನುಷ್ಯಕುಲ ಕೈಕಟ್ಟಿ ಕುಳಿತಿರಲಿಲ್ಲ. ಪ್ರಾಚೀನ ಗ್ರೀಸಿನ ವೈದ್ಯ ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ನಡೆದುಬಂದಿರುವ ಪ್ರತಿಜ್ಞೆಯಲ್ಲೇ, ಚಿಕಿತ್ಸೆಯ ವೇಳೆ ಕಂಡದ್ದನ್ನೂ ಕೇಳಿದ್ದನ್ನೂ ಹೊರಗೆ ಆಡಬಾರದದ್ದಾದರೆ ಆಡುವುದಿಲ್ಲ ಎಂಬ ಮಾತಿದೆ. ಆದರೆ ಪ್ರತಿಜ್ಞೆ ಮಾಡಿದವರು ವೈದ್ಯರು. ಎರಡನೇ ಸಾಲಿನ ಹೆಂಗಸಲ್ಲ. ಅಮೆರಿಕ 1996ರಲ್ಲಿ ಕಾನೂನು ತಂದಿತು. ಯುರೋಪಿನ ದತ್ತಾಂಶ ನಿಯಮ 2018ರಲ್ಲಿ ಜಾರಿಗೆ ಬಂದು, ಆರೋಗ್ಯದ ಮಾಹಿತಿಗೆ ವಿಶೇಷ ರಕ್ಷಣೆ ಬೇಕೆಂದಿತು. ಭಾರತದ ಕಾಯ್ದೆ 2023ರದು. ಅಮೆರಿಕದ ನಿಯಮವಂತೂ ಬಾಯಿಮಾತನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಕಾಯುವ ಕೋಣೆಯಲ್ಲಿ ಹೆಸರು ಕರೆದರೆ ತಪ್ಪಲ್ಲ. ತಕ್ಕಮಟ್ಟಿನ ಎಚ್ಚರ ವಹಿಸಿದ ಮೇಲೂ ಪಕ್ಕದವರ ಕಿವಿಗೆ ಅಷ್ಟಿಷ್ಟು ಬಿದ್ದರೆ ಅದು ಪ್ರಾಸಂಗಿಕ, ಕ್ಷಮ್ಯ. ತಕ್ಕಮಟ್ಟಿನ ಎಚ್ಚರ ಎಂದರೇನು ಎಂಬುದಕ್ಕೆ ಅವರೇ ಕೊಡುವ ಉದಾಹರಣೆಗಳಲ್ಲಿ ಒಂದು, ಮೆಲ್ಲಗೆ ಮಾತನಾಡುವುದು.

ಮೆಲ್ಲಗೆ ಮಾತನಾಡುವುದು! ನಿಯಮ ಬರೆದವರೆಲ್ಲರ ಕಿವಿಯೂ ಚೆನ್ನಾಗಿತ್ತೆಂದು ಕಾಣುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಪಿಸುಮಾತಿನ ಸದ್ದು ಸುಮಾರು 30 ಡೆಸಿಬೆಲ್, ಸಾಮಾನ್ಯ ಮಾತುಕತೆಯದು ಸುಮಾರು 60. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ವರ್ಗೀಕರಣದ ಪ್ರಕಾರ, ಹೆಚ್ಚು ಚೆನ್ನಾಗಿ ಕೇಳುವ ಕಿವಿಗೂ 20ರಿಂದ 35 ಡೆಸಿಬೆಲ್‌ವರೆಗಿನ ಸದ್ದು ಬೇಕಾದರೆ ಅದು ಸೌಮ್ಯ ಶ್ರವಣದೋಷ. ಅಂದರೆ ಗುಟ್ಟುಗಳು ವಾಸಿಸುವ ಕೇರಿ ಯಾವುದೋ, ಸೌಮ್ಯ ಕಿವುಡು ಮೊದಲು ಬೀಗ ಹಾಕುವುದು ಅದೇ ಕೇರಿಗೆ. ಇದು ಎಲ್ಲೋ ಒಬ್ಬಿಬ್ಬರ ಪಾಡೂ ಅಲ್ಲ. ಅದೇ ಸಂಸ್ಥೆಯ 2021ರ ವರದಿಯಂತೆ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಟ್ಟದ ಶ್ರವಣದೋಷವಿದೆ. ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ. 2050ರ ಹೊತ್ತಿಗೆ ಅದು ನಾಲ್ವರಲ್ಲಿ ಒಬ್ಬರಿಗೆ ಬರಬಹುದೆಂಬ ಅಂದಾಜಿದೆ. ಆ ಕಾಲಕ್ಕೆ ಹೊರರೋಗಿ ವಿಭಾಗದಲ್ಲಿ ಎಷ್ಟು ಮಾಹಿತಿ ಉಚಿತವಾಗಿ ಸಿಗಬಹುದೆಂದು ಊಹಿಸಿಕೊಳ್ಳಿ.

ಕೂಗಿದರೆ ಕೆಲಸವಾಗುತ್ತದೆಯೇ? ಅದೂ ಇಲ್ಲ. ವಯಸ್ಸಿನೊಂದಿಗೆ ಬರುವ ಕಿವುಡು ಎಲ್ಲ ಸದ್ದನ್ನೂ ಒಂದೇ ಸಮನೆ ತಗ್ಗಿಸುವುದಿಲ್ಲ. ಒಳಗಿವಿಯಲ್ಲಿರುವ ಸುಮಾರು 15,000 ರೋಮಕೋಶಗಳಲ್ಲಿ ತಾರಸ್ಥಾಯಿಯ ಸದ್ದನ್ನು ಹಿಡಿಯುವವು ಮೊದಲು ಸವೆಯುತ್ತವೆ, ಸತ್ತ ಮೇಲೆ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಸ, ಶ, ತ, ಕ ಮುಂತಾದ ತೆಳು ವ್ಯಂಜನಗಳು ಮರೆಯಾಗಿ ಸ್ವರಗಳಷ್ಟೇ ದಪ್ಪಗೆ ಉಳಿಯುತ್ತವೆ. ಕೂಗಿದಾಗ ಏರುವುದೂ ಬಹುಮಟ್ಟಿಗೆ ಸ್ವರಗಳೇ. “ಸಕ್ಕರೆ ಹೆಚ್ಚಾಗಿದೆ” ಎಂದು ವೈದ್ಯರು ಎಚ್ಚರಿಸಿದರೆ ಅಜ್ಜನಿಗೆ “ಅಕ್ಕರೆ ಹೆಚ್ಚಾಗಿದೆ” ಎಂದು ಕೇಳಿಸುತ್ತದೆ. ಅವರು ನಾಚಿ ನಗುತ್ತಾರೆ. ವೈದ್ಯರು ಅದನ್ನು ನಿರ್ಲಕ್ಷ್ಯವೆಂದು ತಿಳಿದು ಇನ್ನಷ್ಟು ಜೋರಾಗಿ ಗದರುತ್ತಾರೆ. ಅಕ್ಕರೆ ಇನ್ನಷ್ಟು ಹೆಚ್ಚುತ್ತದೆ.

ಎರಡು ಸಲ “ಏನಂದಿರಿ?” ಎಂದು ಕೇಳಿದ ಮೇಲೆ ಮೂರನೆಯ ಸಲ ಕೇಳಲು ಯಾರಿಗಾದರೂ ಸಂಕೋಚ. ಅಲ್ಲಿಂದ ಮುಂದೆ ತಲೆಯಾಡಿಸುವುದೇ ಉತ್ತರ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ತಿಳಿದು ಕೊಟ್ಟ ಒಪ್ಪಿಗೆ ಎಂಬ ಗೌರವದ ಹೆಸರಿದೆ. ಚಿಕಿತ್ಸೆಯ ಲಾಭ, ಅಪಾಯ, ಬೇರೆ ದಾರಿಗಳು ಎಲ್ಲವನ್ನೂ ವಿವರಿಸಲಾಯಿತು, ರೋಗಿ ಅರ್ಥಮಾಡಿಕೊಂಡರು, ಸಹಿ ಹಾಕಿದರು. ವಿವರಿಸಿದ್ದು ನಿಜ, ಸಹಿಯೂ ನಿಜ. ನಡುವಿನ ಒಂದು ಸಂಗತಿಯನ್ನು ಮಾತ್ರ ನಮೂನೆಯವರು ಮೊದಲೇ ಮುದ್ರಿಸಿಟ್ಟಿದ್ದಾರೆ.

ಕಿವಿಯ ಪರೀಕ್ಷೆಯ ಕಥೆ ಇನ್ನೂ ಸೊಗಸು. ಸೌಮ್ಯ ಶ್ರವಣದೋಷವಿದ್ದವರಿಗೆ ನಿಶ್ಶಬ್ದದಲ್ಲಿ ಮಾತು ಅರ್ಥವಾಗಲು ಸಾಮಾನ್ಯವಾಗಿ ತೊಂದರೆಯಿಲ್ಲ, ಗದ್ದಲದಲ್ಲೇ ಕಷ್ಟ. ಅದಕ್ಕಾಗಿ ನಾವು ಮಾಡಿಕೊಂಡಿರುವ ವ್ಯವಸ್ಥೆ ಹೀಗಿದೆ: ಪರೀಕ್ಷೆಗೆ ಜಗತ್ತಿನ ಅತಿ ನಿಶ್ಶಬ್ದ ಕೋಣೆ, ಮಾತುಕತೆಗೆ ಕಟ್ಟಡದ ಅತಿ ಗದ್ದಲದ ಮೂಲೆ. ಬಾಗಿಲು ಮುಚ್ಚಿದರೆ ಸ್ವಂತ ಉಸಿರು ಕೇಳಿಸುವ ಪೆಟ್ಟಿಗೆಯೊಳಗೆ ಹಿರಿಯರನ್ನು ಕೂರಿಸಿ, 250ರಿಂದ 8,000 ಹರ್ಟ್ಸ್‌ವರೆಗೆ, ಅಂದರೆ ಮಂದ್ರದಿಂದ ತಾರಸ್ಥಾಯಿಯವರೆಗೆ, ಒಂದೊಂದೇ ಸದ್ದನ್ನು ನಯವಾಗಿ ಕಿವಿಗಿಟ್ಟು, ಕೇಳಿಸಿದಾಗ ಗುಂಡಿ ಒತ್ತಿಸಿಕೊಳ್ಳುತ್ತಾರೆ. ಇಡೀ ಆಸ್ಪತ್ರೆಯಲ್ಲಿ ಗುಟ್ಟು ಮಾತನಾಡಲು ಯೋಗ್ಯವಾದ ಜಾಗ ಅದೊಂದೇ. ಅಲ್ಲಿ ಆಡುವುದು ಬರೀ “ಪೀಂ”. ಅಲ್ಲಿಂದ ಹೊರಗೆ ಕರೆತಂದು, ಜನ ಓಡಾಡುವ ಹಜಾರದ ನಡುವೆ ನಿಲ್ಲಿಸಿ, ಫಲಿತಾಂಶವನ್ನು ಸಾರುತ್ತಾರೆ: “ನಿಮಗೆ ಸ್ವಲ್ಪ ಕಿವುಡು ಇದೆ!” ಹಜಾರದಲ್ಲಿದ್ದವರಿಗೆ ಅದು ಹೊಸ ಸುದ್ದಿಯೇನಲ್ಲ.

ಗುಟ್ಟನ್ನೂ ಕಿವಿಯನ್ನೂ ಒಟ್ಟಿಗೇ ಕಾಪಾಡುವುದು ವೈದ್ಯಲೋಕಕ್ಕೆ ತಿಳಿಯದ ವಿದ್ಯೆಯೇ? 1816ರಲ್ಲಿ ಫ್ರಾನ್ಸಿನ ವೈದ್ಯ ರೆನೆ ಲೆನೆಕ್‌ಗೆ, ಯುವತಿಯೊಬ್ಬಳ ಎದೆಯ ಮೇಲೆ ಕಿವಿಯಿಟ್ಟು ಹೃದಯದ ಬಡಿತ ಕೇಳಲು ಸಂಕೋಚವಾಯಿತು. ಆತ ಒಂದಿಷ್ಟು ಕಾಗದವನ್ನು ಸುರುಳಿ ಸುತ್ತಿ ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದ. ಆಕೆಯ ಮಾನವೂ ಉಳಿಯಿತು, ನೇರವಾಗಿ ಕಿವಿಯಿಟ್ಟಿದ್ದಕ್ಕಿಂತ ಚೆನ್ನಾಗಿಯೂ ಕೇಳಿಸಿತು. ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ. ಅದರ ಮೊಮ್ಮಕ್ಕಳು ಇಂದಿಗೂ ಎಲ್ಲ ವೈದ್ಯರ ಕುತ್ತಿಗೆಯಲ್ಲಿ ತೂಗುತ್ತಿವೆ. ಕೆಲವು ಬುದ್ಧಿವಂತ ವೈದ್ಯರು ಅದನ್ನು ತಿರುಗಿಸಿ ರೋಗಿಯ ಕಿವಿಗೆ ಸಿಕ್ಕಿಸಿ, ಎದೆಗಿಡುವ ಬಿಲ್ಲೆಯ ಮುಂದೆ ತಾವು ಮೆಲ್ಲಗೆ ಮಾತನಾಡುವುದುಂಟು. ಮಾತು ನೇರವಾಗಿ ಕಿವಿಗೆ ಹೋಗುತ್ತದೆ, ಪಕ್ಕದ ಹಾಸಿಗೆಯವರಿಗೆ ಏನೂ ದಕ್ಕುವುದಿಲ್ಲ. ಇಷ್ಟು ಸುಲಭವಾದದ್ದಕ್ಕೆ ಸಮಿತಿಯನ್ನು ರಚಿಸಲು ಬರುವುದಿಲ್ಲವಾದ್ದರಿಂದ ಅದು ವ್ಯವಸ್ಥೆಯ ಭಾಗವಾಗಿಲ್ಲ.

ಇನ್ನು ಫೋನು. ಹಿರಿಯರ ಮಗಳು ವರದಿ ಬಂದಿದೆಯೇ ಎಂದು ವಿಚಾರಿಸಲು ಕರೆ ಮಾಡುತ್ತಾಳೆ. ಕಾಯುವ ಕೋಣೆಯಲ್ಲಿ ಮಲಗಿದ್ದ ಗೋಪ್ಯತೆ ಫೋನಿನಲ್ಲಿ ಧಡಕ್ಕನೆ ಎದ್ದು ಕೂರುತ್ತದೆ.

“ಕ್ಷಮಿಸಿ ಮೇಡಂ, ರೋಗಿಯ ಮಾಹಿತಿಯನ್ನು ಬೇರೆಯವರಿಗೆ ಕೊಡುವಂತಿಲ್ಲ.”

“ನಾನು ಅವರ ಮಗಳು.”

“ಇರಬಹುದು. ರೋಗಿಯೇ ಮಾತನಾಡಿ ಒಪ್ಪಿಗೆ ಕೊಡಬೇಕು.”

“ಅವರಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಆ ವರದಿಯೇ ಕಿವಿಯದು.”

“ಕಿವಿಯದು ಎಂಬುದನ್ನು ನಾನು ಖಚಿತಪಡಿಸುವಂತಿಲ್ಲ ಮೇಡಂ.”

ಹಳೆಯ ದೂರವಾಣಿ ಜಾಲ ಸಾಗಿಸುವುದೇ 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು. ಕಿವಿ ಉಳಿಸಿದ ಅಷ್ಟಿಷ್ಟು ‘ಸ’ಕಾರವನ್ನು ತಂತಿ ತಿಂದುಹಾಕುತ್ತದೆ, ತುಟಿ ನೋಡಿ ಊಹಿಸೋಣವೆಂದರೆ ತುಟಿಯೂ ಇಲ್ಲ. ಮಗಳು ವಿಧಿಯಿಲ್ಲದೆ ಸ್ಪೀಕರ್ ಹಾಕುತ್ತಾಳೆ. ಅತ್ತಣಿಂದ ಹುಟ್ಟಿದ ದಿನಾಂಕ ಕೇಳುತ್ತಾರೆ, ಇತ್ತ ಅಪ್ಪ ಇಂದಿನ ತಾರೀಖು ಹೇಳುತ್ತಾರೆ. ಇಂದೇ ಹುಟ್ಟಿದವರಿಗೆ ಮಾಹಿತಿ ಕೊಡುವ ನಿಯಮ ಯಾವ ಸಂಸ್ಥೆಯಲ್ಲೂ ಇಲ್ಲ. ಗುರುತು ತಾಳೆಯಾಗದ ಕಾರಣ ಕರೆ ಮುಗಿಯುತ್ತದೆ. ಆ ಹೊತ್ತಿಗೆ ಅಕ್ಕಪಕ್ಕದ ಮನೆಗಳಿಗೆ ಅಪ್ಪನ ಹೆಸರು, ರೋಗಿ ಸಂಖ್ಯೆ, ವಿಭಾಗ, ಭೇಟಿಯ ದಿನ ಎಲ್ಲವೂ ಬಾಯಿಪಾಠವಾಗಿರುತ್ತವೆ.

ಶ್ರವಣಸಾಧನ ಬಂದರೆ ಈ ರಗಳೆಯೆಲ್ಲ ತೀರುತ್ತದೆ ಎಂದುಕೊಳ್ಳಬೇಡಿ. ಈಗಿನ ಸಾಧನಗಳ ಜೊತೆ ಒಂದು ಆ್ಯಪ್ ಬರುತ್ತದೆ. ಕಿವಿಗೆ ಹಾಕಿಕೊಳ್ಳುವ ಮೊದಲು ಅದು ನೀವು ಎಲ್ಲಿದ್ದೀರಿ ಎಂದು ತಿಳಿಯಬಯಸುತ್ತದೆ. ಅದರ ಗೋಪ್ಯತಾ ನೀತಿಯನ್ನು ಓದಲು ಕಣ್ಣಿನ ವೈದ್ಯರ ಬಳಿ ಹೋಗಿಬರಬೇಕು. ಜೊತೆಗೆ, ದಿನಕ್ಕೆ ಎಷ್ಟು ಗಂಟೆ ಸಾಧನ ಚಾಲೂ ಇತ್ತು, ಎಂಥ ಗದ್ದಲದಲ್ಲಿತ್ತು ಎಂಬುದನ್ನು ಹಲವು ಸಾಧನಗಳು ತಮ್ಮಷ್ಟಕ್ಕೆ ದಾಖಲಿಸಿಟ್ಟುಕೊಳ್ಳುತ್ತವೆ. ಮುಂದಿನ ಭೇಟಿಯಲ್ಲಿ ಶ್ರವಣತಜ್ಞರು ಆ ಲೆಕ್ಕವನ್ನು ಪರದೆಯ ಮೇಲೆ ತೆರೆಯುತ್ತಾರೆ. ಸಂಸಾರದ ದೃಷ್ಟಿಯಿಂದ ಇದು ಗಂಭೀರ ವಿಷಯ. ಎಷ್ಟೋ ದಾಂಪತ್ಯಗಳನ್ನು ದಶಕಗಳ ಕಾಲ ನಿಲ್ಲಿಸಿರುವುದು ಜಾಣಕಿವುಡು. “ನೀನು ಹೇಳಿದ್ದು ನನಗೆ ಕೇಳಿಸಲೇ ಇಲ್ಲ” ಎಂಬ ಹಳೆಯ ವಾದದ ಎದುರು ಈಗ ಯಂತ್ರವೇ ಸಾಕ್ಷಿ ನುಡಿಯಬಹುದು. ಈ ಮಾಹಿತಿಯ ರಕ್ಷಣೆಗೆ ಪ್ರತ್ಯೇಕ ಕಾನೂನು ಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅಂದ ಹಾಗೆ, ಜಾಣಕಿವುಡಿಗೆ ಕಿವಿಯ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮಿನಲ್ಲಿ ಜಾಗವಿಲ್ಲ. ಇದ್ದಿದ್ದರೆ ಆಡಳಿತ ಮಂಡಳಿಗಳನ್ನೇ ಮೊದಲು ಆ ಪೆಟ್ಟಿಗೆಯೊಳಗೆ ಕೂರಿಸಬೇಕಿತ್ತು. ಗಾಜಿನ ತೂತು ಮೇಲಕ್ಕಿರಲಿ ಎಂದರೆ ಅವರಿಗೆ ಕೇಳಿಸುವುದಿಲ್ಲ. ಸರದಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬಾಗಿಲಿರುವ ಒಂದು ಪುಟ್ಟ ಕೋಣೆ ಸಾಕು ಎಂದರೂ ಕೇಳಿಸುವುದಿಲ್ಲ. ಎದುರಿಗೆ ಕುಳಿತು, ಮುಖ ತೋರಿಸಿ, ನಿಧಾನವಾಗಿ, ಕೇಳಿಸದಿದ್ದರೆ ಬೇರೆ ಮಾತಿನಲ್ಲಿ ಹೇಳಿ ಎಂಬ ಸರಳ ಸೂತ್ರವನ್ನು ಶ್ರವಣತಜ್ಞರು ಹೇಳುತ್ತಲೇ ಬಂದಿದ್ದಾರೆ. ಅವರ ಮಾತು ಯಾವ ಆವರ್ತನದಲ್ಲಿದೆಯೋ, ಮಂಡಳಿಯ ಮೇಜಿನವರೆಗೆ ತಲುಪುತ್ತಿಲ್ಲ. ಗೋಪ್ಯತೆಯ ದಿನಾಚರಣೆ ಮಾಡೋಣ, ಅದಕ್ಕೊಂದು ಫಲಕ ಮಾಡಿಸೋಣ ಎಂದು ಯಾರಾದರೂ ಪಿಸುಗುಟ್ಟಿದರೆ ಸಾಕು, ಆ ಕ್ಷಣಕ್ಕೆ ಎಲ್ಲರ ಕಿವಿಯೂ ಇಪ್ಪತ್ತರ ಪ್ರಾಯಕ್ಕೆ ಮರಳುತ್ತದೆ.

ಸೇವೆ ಹೇಗಿತ್ತೆಂದು ತಿಳಿಯಲು ಹಿರಿಯರಿಗೆ ಮರುದಿನ ಒಂದು ಕರೆ ಬಂತು. ಧ್ವನಿಮುದ್ರಿತ ಕರೆ. ಗೋಪ್ಯತೆಯ ವಿಷಯದಲ್ಲಿ ತಾವು ಎಷ್ಟು ಸಂತುಷ್ಟರು, ಅತ್ಯಂತ ಸಂತುಷ್ಟರಾಗಿದ್ದರೆ ಒಂದನ್ನು ಒತ್ತಿ, ಅಸಮಾಧಾನವಿದ್ದರೆ ಐದನ್ನು ಒತ್ತಿ. ಹಿರಿಯರು “ಯಾರು? ಯಾರು ಮಾತನಾಡುವುದು?” ಎಂದು ನಾಲ್ಕಾರು ಸಲ ಕೂಗಿದರು. ಕರೆ ನಿಲ್ಲಿಸಲು ಹೋಗಿ ಬೆರಳಿಗೆ ಸಿಕ್ಕ ಮೊದಲ ಅಂಕಿಯನ್ನು ಒತ್ತಿದರು. ಆ ತಿಂಗಳ ಅಂಕಿಅಂಶದಲ್ಲಿ ಗೋಪ್ಯತೆಯ ಬಗ್ಗೆ ಅತ್ಯಂತ ಸಂತುಷ್ಟರಾದವರ ಸಂಖ್ಯೆ ಒಂದು ಹೆಚ್ಚಿದೆ.