ಇದು ಆಲೂಗಡ್ಡೆಯೇ ಅಲ್ಲ, ಮಹಾಸ್ವಾಮಿ!

ತಮ್ಮ ಮಾಲನ್ನು ಹೊಗಳಿಕೊಳ್ಳುವ ಕಂಪನಿಗಳನ್ನು ದಿನಾ ನೋಡುತ್ತೇವೆ. ತನ್ನ ಚಿಪ್ಸ್ ಚಿಪ್ಸೇ ಅಲ್ಲ ಅಂತ ಕೋರ್ಟಿನಲ್ಲಿ ಪಟ್ಟು ಹಿಡಿಯುವ ಕಂಪನಿಯನ್ನು ನೋಡಬೇಕಾದರೆ ಬ್ರಿಟನ್ನಿಗೇ ಹೋಗಬೇಕು.

ಅಲ್ಲಿನ ವ್ಯಾಟ್ ಕಾನೂನು ದಯಾಳು. ಹೊಟ್ಟೆಗೆ ತಿನ್ನುವ ಬಹುತೇಕ ಪದಾರ್ಥಕ್ಕೆ ತೆರಿಗೆ ಸೊನ್ನೆ. ಹಸಿ ಆಲೂಗಡ್ಡೆಗೂ ಸೊನ್ನೆ. ಆದರೆ ಅದೇ ಆಲೂಗಡ್ಡೆ ಎಣ್ಣೆಗೆ ಬಿದ್ದು ಗರಿಗರಿಯಾಯಿತೋ, ಕೆಲಸ ಕೆಟ್ಟಿತು. ಪೂರ್ತಿ ತೆರಿಗೆ. 2008ರಲ್ಲಿ ಶೇಕಡಾ 17.5 ಇತ್ತು, ಈಗ 20. ಆಲೂಗಡ್ಡೆ ಹಿಟ್ಟಿನಿಂದಲೋ ಪಿಷ್ಟದಿಂದಲೋ ಮಾಡಿದ ಅದರ ನೆಂಟರಿಷ್ಟರಿಗೂ ಬಿಡುಗಡೆ ಇಲ್ಲ. ಕರಿದ ತಕ್ಷಣ ಅದು ಊಟವಲ್ಲ, ಶೋಕಿ!

ಈಗ ಪ್ರಿಂಗಲ್ಸ್ ಕಥೆಗೆ ಬನ್ನಿ. ಉದ್ದನೆಯ ಡಬ್ಬಿಯಲ್ಲಿ ಒಂದರ ಬೆನ್ನಿಗೊಂದು ಒತ್ತಿಕೊಂಡು ಕೂತಿರುತ್ತವಲ್ಲ, ಅರ್ಧ ಖಾಲಿಯಾದ ಮೇಲೆ ಕೈ ಒಳಗೇ ಸಿಕ್ಕಿಹಾಕಿಕೊಳ್ಳುತ್ತದಲ್ಲ, ಅದೇ. ಇದನ್ನು ಗಡ್ಡೆ ಹೆಚ್ಚಿ ಕರಿಯುವುದಿಲ್ಲ. ಒಣ ಆಲೂಗಡ್ಡೆ ಪುಡಿಗೆ ಬೇರೆ ಹಿಟ್ಟು, ಪಿಷ್ಟ ಬೆರೆಸಿ ಕಲಸುತ್ತಾರೆ. ಹಾಳೆಯ ಹಾಗೆ ಲಟ್ಟಿಸಿ, ಬಿಲ್ಲೆ ಕತ್ತರಿಸಿ, ಕುದುರೆಯ ಜೀನಿನಂತೆ ಬಾಗಿದ ಅಚ್ಚಿಗೆ ಕೂರಿಸಿ ಕರಿಯುತ್ತಾರೆ. ಆಲೂಗಡ್ಡೆಯ ಪಾಲು ಶೇಕಡಾ 42ರ ಆಸುಪಾಸು.

ಆಗಿನ ಮಾಲೀಕ ಕಂಪನಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಇದನ್ನೇ ಹಿಡಿದುಕೊಂಡಿತು. ಸ್ವಾಮಿ, ಇದರಲ್ಲಿ ಅರ್ಧದಷ್ಟೂ ಆಲೂಗಡ್ಡೆ ಇಲ್ಲ. ಇಂಥ ಆಕಾರ ಪ್ರಕೃತಿಯಲ್ಲೇ ಇಲ್ಲ. ಬಣ್ಣ ನೋಡಿ, ಎಲ್ಲಾ ಒಂದೇ ಥರ. ಇದನ್ನು ಆಲೂಗಡ್ಡೆ ಚಿಪ್ಸ್ ಅನ್ನುವುದು ಹೇಗೆ? ಇದೇ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಮಾರನೇ ದಿನವೇ ಮಾನನಷ್ಟ ಮೊಕದ್ದಮೆ ಬೀಳುತ್ತಿತ್ತು, ಅಲ್ವಾ?

ಮೊದಲ ಹಂತದ ನ್ಯಾಯಮಂಡಳಿ ಈ ವಾದವನ್ನು ಒಪ್ಪಲಿಲ್ಲ, ಆದರೆ 2008ರಲ್ಲಿ ಹೈಕೋರ್ಟ್ ಒಪ್ಪಿಯೇಬಿಟ್ಟಿತು. ತೆರಿಗೆ ಇಲಾಖೆ ಸುಮ್ನೆ ಬಿಡುತ್ತದೆಯೇ? ಬಾಕಿ ಮೊತ್ತವೇ 10 ಕೋಟಿ ಪೌಂಡ್‌ವರೆಗೆ ಇದೆಯೆಂದು ಆಗಿನ ಪತ್ರಿಕೆಗಳು ಬರೆದವು. ಮೇಲಿನ ಕೋರ್ಟಿಗೆ ಹೋದದ್ದೇ ಹೋದದ್ದು. ಅಲ್ಲಿ ಕಂಪನಿಯ ಕಡೆಯವರು ಇನ್ನೂ ಒಂದು ಮೆಟ್ಟಿಲು ಹತ್ತಿದರು. ಆಲೂಗಡ್ಡೆಯಿಂದ ಮಾಡಿದ್ದು ಅನ್ನಬೇಕಾದರೆ ಅದರಲ್ಲಿ ಸಾಕಷ್ಟು ಆಲೂಗಡ್ಡೆತನ ಇರಬೇಕಂತೆ. ಆಲೂಗಡ್ಡೆತನ! ಇದೇನು ಅರಿಸ್ಟಾಟಲ್ ಕೂತು ಯೋಚಿಸುವ ವಿಷಯವೇ ಅನ್ನುವ ಧಾಟಿಯಲ್ಲಿ ನ್ಯಾಯಮೂರ್ತಿ ಜೇಕಬ್ ಅದನ್ನು ತಳ್ಳಿಹಾಕಿದರು. ಕಿತ್ತಳೆ, ಗ್ರೇಪ್‌ಫ್ರೂಟ್ ಎರಡನ್ನೂ ಹಾಕಿ ಮಾಡಿದ ಮಾರ್ಮಲೇಡ್ ಎಂಬ ಜಾಮ್ ಎರಡರಿಂದಲೂ ಮಾಡಿದ್ದಲ್ಲ ಅಂದ ಹಾಗಾಯಿತು, ಚಿಕ್ಕ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು ಅಂದರು. 2009ರ ಮೇ ತಿಂಗಳಲ್ಲಿ ಪ್ರಿಂಗಲ್ಸ್ ಮತ್ತೆ ಆಲೂಗಡ್ಡೆ ಜಾತಿಗೆ ಸೇರಿತು. ಆ ಚಿಕ್ಕ ಉತ್ತರ ಸಿಗಲು ಮೂರು ಹಂತದ ಕೋರ್ಟು ಬೇಕಾಯಿತು, ಅಷ್ಟೇ.

ತಮಾಷೆ ಅಂದರೆ ಅಮೆರಿಕದಲ್ಲಿ ಇದೇ ಪ್ರಿಂಗಲ್ಸ್ ತಾನು ಚಿಪ್ಸ್ ಅಂತ ಮೆರೆಯಲು ಹೊರಟಿತ್ತು. ಗಡ್ಡೆ ಹೆಚ್ಚಿ ಕರಿಯುವ ಕಂಪನಿಗಳು ತಕರಾರು ತೆಗೆದವು. ಚಿಪ್ಸ್ ಅನ್ನುವುದಾದರೆ ಒಣಗಿಸಿದ ಆಲೂಗಡ್ಡೆಯಿಂದ ಮಾಡಿದ್ದು ಅಂತಲೂ ಬರೆಯಬೇಕು ಎಂದು ಅಲ್ಲಿನ ಆಹಾರ ಇಲಾಖೆ 1975ರಲ್ಲಿ ಹೇಳಿತು. ಮಾರುವಾಗ ಅಪ್ಪಟ ಆಲೂಗಡ್ಡೆ, ತೆರಿಗೆ ಕಟ್ಟುವಾಗ ಅನಾಥ ಮಗು!

ಇಷ್ಟಾದ ಮೇಲೂ ಬುದ್ಧಿ ಬಂತೇ? 2024ರಲ್ಲಿ ಬ್ರಿಟನ್ನಿನದೇ ಚಿಪ್ಸ್ ಕಂಪನಿ ವಾಕರ್ಸ್ ತನ್ನ ಹಪ್ಪಳದ ಪೊಟ್ಟಣ ಹಿಡಿದು ನ್ಯಾಯಮಂಡಳಿ ಮುಂದೆ ನಿಂತಿತು. ಇದು ಚಿಪ್ಸ್ ಅಲ್ಲ ಸ್ವಾಮಿ, ಹಪ್ಪಳ. ಒಳಗೆ ನೋಡಿದರೆ ಶೇಕಡಾ 40ರ ಹತ್ತಿರ ಆಲೂಗಡ್ಡೆ ಪುಡಿ, ಪಿಷ್ಟ. ಹೆಸರು ನೋಡಿ ತೀರ್ಮಾನ ಮಾಡಲಾಗದು ಅಂದಿತು ನ್ಯಾಯಮಂಡಳಿ. ಹೂಲಾ ಹೂಪ್ಸ್ ಅನ್ನುವ ಕುರುಕಲನ್ನು ಯಾರೂ ಅದೇ ಹೆಸರಿನ ಆಟದ ಬಳೆಯ ಹಾಗೆ ಸೊಂಟಕ್ಕೆ ಹಾಕಿಕೊಂಡು ತಿರುಗಿಸುವುದಿಲ್ಲ, ಮಾನ್‌ಸ್ಟರ್ ಮಂಚ್ ರಾಕ್ಷಸರಿಗೇ ಮೀಸಲಾದ ತಿಂಡಿಯೂ ಅಲ್ಲ ಅಂತ ಅಚ್ಚುಕಟ್ಟಾಗಿ ತೀರ್ಪಿನಲ್ಲೇ ಬರೆಯಿತು. ಹಪ್ಪಳಕ್ಕೂ ತೆರಿಗೆ ಬಿತ್ತು.

ಇಷ್ಟೆಲ್ಲ ರಾದ್ಧಾಂತ ನಡೆಯುವಾಗ ಅಂಗಡಿಯ ಪಕ್ಕದ ಶೆಲ್ಫಿನಲ್ಲಿ ಮುಸುಕಿನ ಜೋಳದ ಟಾರ್ಟಿಲ್ಲಾ ಚಿಪ್ಸ್ ಹಾಯಾಗಿ ಕೂತಿದೆ. ಅದೂ ಕರಿದದ್ದೇ, ಉಪ್ಪು ಮೆತ್ತಿದ್ದೇ, ಕುರುಂಕುರುಂ ಅನ್ನುವಂಥದ್ದೇ. ತೆರಿಗೆ ಮಾತ್ರ ಸೊನ್ನೆ. ಗಡ್ಡೆಯ ಹೊಟ್ಟೆಯಲ್ಲಿ ಹುಟ್ಟಲಿಲ್ಲವಲ್ಲ! ಮುಂದಿನ ಕೇಸು ಹಿಡಿಯುವ ವಕೀಲರಿಗೆ ವಾದ ಸಿದ್ಧವಾಗಿದೆ: ನಮ್ಮ ಕಕ್ಷಿದಾರ ಹುಟ್ಟಿನಿಂದ ಆಲೂಗಡ್ಡೆ ಇರಬಹುದು, ಮನಸ್ಸು ಮಾತ್ರ ಪೂರ್ತಿ ಜೋಳದ್ದು, ಮಹಾಸ್ವಾಮಿ.