ಕೊಟ್ಟವನು ಕೋಡಂಗಿ, ಕೊಂಡವನು ಈರಭದ್ರ

ಈ ದೇಶದಲ್ಲಿ ಕಾರು ಕೊಳ್ಳುವುದು ಸುಲಭ, ಸಾಕುವುದು ಕಷ್ಟ, ಮಾರುವುದು ಅಸಾಧ್ಯ. ಮಾರಿದ್ದೇನೆ ಎಂದು ನೀವು ಅಂದುಕೊಂಡಿರಬಹುದು. ಹಣ ಎಣಿಸಿಕೊಂಡಿರಬಹುದು, ಬೀಗದ ಕೈ ಕೊಟ್ಟಿರಬಹುದು, ಹೊಸ ಮಾಲೀಕ ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಟದ್ದನ್ನು ಗೇಟಿನಲ್ಲಿ ನಿಂತು ಕಣ್ಣಾರೆ ಕಂಡಿರಬಹುದು. ಅದೆಲ್ಲ ಮಾಯೆ. ಸಾರಿಗೆ ಇಲಾಖೆಯ ಕಡತದಲ್ಲಿ ಕಾರು ನಿಮ್ಮ ಮನೆಯ ಮುಂದೆಯೇ ನಿಂತಿದೆ, ಅದರೊಳಗೆ ಕುಳಿತವರೂ ನೀವೇ.

ಈ ಸತ್ಯದರ್ಶನ ಆಗುವುದು ಮೊಬೈಲ್ ಮೂಲಕ. ಬೆಳಗಿನ ಕಾಫಿಯ ಹೊತ್ತಿಗೆ ಫಾಸ್ಟ್ಯಾಗ್ ಖಾತೆಯಿಂದ ಹಣ ಕಡಿತವಾದ ಸಂದೇಶ ಬರುತ್ತದೆ: ಕಣಿಮಿಣಿಕೆ ಟೋಲ್. ಇನ್ನೊಂದು ಗಂಟೆಗೆ ಮತ್ತೊಂದು: ಗಣಂಗೂರು ಟೋಲ್. ಓಹೋ, ಸವಾರಿ ಮೈಸೂರಿಗೆ ಹೊರಟಿದೆ. ಮಕ್ಕಳು ದಸರಾಕ್ಕೆ ಕರೆದುಕೊಂಡು ಹೋಗು ಎಂದಾಗ ಖರ್ಚಿನ ಲೆಕ್ಕ ಹೇಳಿ ತಪ್ಪಿಸಿಕೊಂಡ ನೀವು ಮುಖ ಕಾಣದ ಕುಟುಂಬವೊಂದನ್ನು ಸ್ವಂತ ಖರ್ಚಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಕಳಿಸಿದ್ದೀರಿ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಆ ಯಾರೋ ಯಾರೆಂದು ಕೊನೆಗೂ ಪತ್ತೆಯಾಯಿತು. ಗಾಜಿನ ಮೇಲೆ ಅಂಟಿಸಿದ ಆ ಚೀಟಿಯನ್ನು ಕಾರು ಕೊಡುವ ದಿನವೇ ಕಿತ್ತು, ಖಾತೆ ಮುಚ್ಚಿಸಬೇಕು ಎಂದು ನಿಮಗೆ ಯಾರೂ ಹೇಳಿರಲಿಲ್ಲ. ಡ್ಯಾಶ್‌ಬೋರ್ಡಿನ ಗಣಪತಿಯನ್ನು ಮಾತ್ರ ಜೋಪಾನವಾಗಿ ಬಿಡಿಸಿಕೊಂಡು ಬಂದಿರಿ.

ವಿಮೆಯ ಕಥೆ ಇನ್ನೂ ಸೊಗಸು. ಐದು ವರ್ಷ ಒಂದೂ ಕ್ಲೇಮು ಮಾಡದೆ ಓಡಿಸಿದ್ದಕ್ಕೆ ಕಂಪನಿ ಕೊಡುವ ಶೇಕಡಾ 50ರ ರಿಯಾಯಿತಿ ಓಡಿಸಿದ ಮನುಷ್ಯನದು, ಕಾರಿನದಲ್ಲ. ಮಾರುವಾಗ ಅದಕ್ಕೊಂದು ಪತ್ರ ಪಡೆದು ಮುಂದಿನ ಕಾರಿಗೆ ಒಯ್ಯಬಹುದು. ಕೊಂಡವನೂ ಹದಿನಾಲ್ಕು ದಿನದೊಳಗೆ ಕಂಪನಿಗೆ ತಿಳಿಸಿ ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಬ್ಬರೂ ಆ ಗೊಡವೆಗೆ ಹೋಗುವುದಿಲ್ಲವಾದ್ದರಿಂದ ಪುಣ್ಯವೆಲ್ಲ ಕಾರಿನ ಜೊತೆ ಅವನ ಮನೆಗೆ ಹೋಗುತ್ತದೆ. ಪಾಪ ಅಂಚೆಯಲ್ಲಿ ನಿಮ್ಮ ಮನೆಗೆ ಬರುತ್ತದೆ.

ಪಾಪ ಎಂದರೆ ದಂಡದ ಚೀಟಿ. ಬೆಂಗಳೂರಿನ ಕಂಬಗಳ ಮೇಲೆ ಕುಳಿತ ಕ್ಯಾಮೆರಾಗಳ ಸಾಮರ್ಥ್ಯವನ್ನು ಮೆಚ್ಚಲೇಬೇಕು. ಸಿಗ್ನಲ್ ಹಾರಿದವನ ನಂಬರ್ ಪ್ಲೇಟನ್ನು ಮಳೆಯಲ್ಲೂ ಓದುತ್ತವೆ. ಆ ನಂಬರು ಯಾರದೆಂದು ಹುಡುಕಿ ಮೊಬೈಲಿಗೆ ಸಂದೇಶ ಕಳಿಸುತ್ತವೆ. ಚಿತ್ರದಲ್ಲಿ ನಂಬರು ಸ್ಫಟಿಕದಷ್ಟು ನಿಚ್ಚಳ, ಚಾಲಕನ ಮುಖ ಮಾತ್ರ ನೆರಳು. ಕಾರು ಕೆಂಪು ದೀಪ ದಾಟಿದ್ದನ್ನು ಇಷ್ಟು ಚುರುಕಾಗಿ ಕಂಡುಹಿಡಿಯುವ ಸರ್ಕಾರಕ್ಕೆ ಅದೇ ಕಾರು ಮೂರು ಜನರ ಕೈ ದಾಟಿದ್ದು ಮೂರು ವರ್ಷವಾದರೂ ಕಾಣಿಸುವುದಿಲ್ಲ. 2023ರ ಫೆಬ್ರವರಿಯಲ್ಲಿ ಹಳೆಯ ದಂಡಕ್ಕೆ ಅರ್ಧ ರಿಯಾಯಿತಿ ಎಂದು ಘೋಷಿಸಿದಾಗ ಸಂಚಾರ ಠಾಣೆಗಳ ಮುಂದೆ ಸಾಲು ಬೆಳೆಯಿತು. 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ಹಬ್ಬ. ಮಾರಿದ ಕಾರಿನ ದಂಡವನ್ನೂ ಅರ್ಧ ಬೆಲೆಗೆ ತೀರಿಸಿದೆ ಎಂದು ಹಿಗ್ಗಬಲ್ಲ ಪ್ರಜೆಗಳು ನಮ್ಮಲ್ಲಲ್ಲದೆ ಬೇರೆಲ್ಲಿ ಸಿಕ್ಕಾರು?

ಕಾನೂನಿನಲ್ಲಿ ದಾರಿ ಇಲ್ಲ ಎನ್ನುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮು ಸ್ಪಷ್ಟವಾಗಿಯೇ ಇದೆ. ರಾಜ್ಯದೊಳಗಿನ ವ್ಯವಹಾರವಾದರೆ ಮಾರಿದವನು ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ವರದಿ ಕೊಡಬೇಕು, ಅದಕ್ಕೆ ಫಾರಂ 29. ಕೊಂಡವನು ಮೂವತ್ತು ದಿನದೊಳಗೆ ತನ್ನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕಬೇಕು, ಅದಕ್ಕೆ ಫಾರಂ 30. ತಮಾಷೆ ಇರುವುದು ಈ ಎರಡರ ನಡುವೆ. ಹೆಸರು ಬದಲಾಗಬೇಕಾದರೆ ಕೊಂಡವನಿಗೆ ಮನಸ್ಸು ಬರಬೇಕು. ಅವನಿಗೇಕೆ ಬರಬೇಕು? ಓಡಿಸಲು ಕಾರಿದೆ, ದಂಡ ಕಟ್ಟಲು ನೀವಿದ್ದೀರಿ, ಟೋಲ್ ಕಟ್ಟಲು ನಿಮ್ಮ ಖಾತೆ ಇದೆ. ಹೆಸರು ಬದಲಾಯಿಸಿಕೊಂಡರೆ ಈ ಮೂರು ಸೌಲಭ್ಯವೂ ತಪ್ಪಿಹೋಗುತ್ತವೆ. ಇನ್ನು, ಹೆಚ್ಚಿನ ಲಾಭಕ್ಕೆ ಮತ್ತೊಬ್ಬರಿಗೆ ಮಾರುವ ಆಲೋಚನೆ ಇದ್ದರಂತೂ ನಡುವೆ ತನ್ನ ಹೆಸರು ಬಂದರೆ ಒಬ್ಬ ಓನರ್ ಜಾಸ್ತಿಯಾಗಿ ಬೆಲೆ ಬೀಳುತ್ತದೆ. ನೀವು ಮೊದಲ ಓನರ್ ಆಗಿದ್ದಿರಲ್ಲ, ಆ ಕೀರ್ತಿ ಅಜರಾಮರವಾಗಿರಲಿ ಎಂಬುದೇ ಮಾರುಕಟ್ಟೆಯ ಆಸೆ.

ನಮ್ಮ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರು ಕಾರು ಮಾರಿದ ಸಮಾರಂಭ ನೋಡುವಂತಿತ್ತು. ಮಧ್ಯವರ್ತಿ ಬಾನೆಟ್ಟಿನ ಮೇಲೆ ಕಾಗದಗಳನ್ನು ಹರಡಿದ. ಗಾಳಿಗೆ ಹಾರದಂತೆ ಅವುಗಳ ಮೇಲೆ ಕಾರಿನದೇ ಬೀಗದ ಕೈ ಇಟ್ಟ. ಫಾರಂ 29, ಎರಡು ಪ್ರತಿ. ಫಾರಂ 30, ಎರಡು ಪ್ರತಿ. ಸಾಲ ತೀರಿದ ಬ್ಯಾಂಕಿನ ಫಾರಂ 35. ಪ್ರತಿಯೊಂದರಲ್ಲೂ ಸಹಿ ಬೀಳಬೇಕಾದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಪುಟ್ಟ ಇಂಟು ಗುರುತು. ಉಳಿದದ್ದೆಲ್ಲ ಖಾಲಿ. ಇಂಥವನು ಇಂಥ ತಾರೀಖಿನಂದು ಇಂಥವರಿಗೆ ವಾಹನವನ್ನು ಮಾರಿ ವಶಕ್ಕೆ ಕೊಟ್ಟಿದ್ದೇನೆ ಎಂದು ಸರ್ಕಾರಕ್ಕೆ ತಿಳಿಸುವ ಪತ್ರ ಈ ಫಾರಂ 29. ತಾರೀಖಿಲ್ಲ, ಕೊಂಡವರಿಲ್ಲ, ಅವರ ತಂದೆಯ ಹೆಸರಿಲ್ಲ, ವಿಳಾಸವಿಲ್ಲ. ಯಾವಾಗಲೋ ಯಾರಿಗೋ ಮಾರಿದ್ದೇನೆ ಎಂದು ಮೇಷ್ಟ್ರು ಘೋಷಿಸಬೇಕಿತ್ತು, ಘೋಷಿಸಿದರು. ಮೂವತ್ತು ವರ್ಷ ಉತ್ತರಪತ್ರಿಕೆಯ ಖಾಲಿ ಜಾಗಕ್ಕೆ ಸೊನ್ನೆ ಸುತ್ತಿದ ಕೈ ಅದು. ಬಿಟ್ಟ ಸ್ಥಳ ತುಂಬಿರಿ ಎಂಬ ಪ್ರಶ್ನೆಗೆ ಐದು ಅಂಕ ಕೊಡುತ್ತಿದ್ದವರು ಬಿಟ್ಟ ಸ್ಥಳ ಬಿಟ್ಟಂತೆಯೇ ಇರಲಿ ಎಂದು ಸಹಿ ಮಾಡಿ, ಕೆಳಗೊಂದು ಗೆರೆಯನ್ನೂ ಎಳೆದರು.

ಅಷ್ಟಕ್ಕೇ ಮುಗಿಯಲಿಲ್ಲ. ಆಧಾರ್ ನಕಲು ಮೂರು ಪ್ರತಿ, ಪಾಸ್‌ಪೋರ್ಟ್ ಅಳತೆಯ ಫೋಟೊ ನಾಲ್ಕು, ಪಾನ್ ಕಾರ್ಡ್ ನಕಲು ಎರಡು. ಹೆಚ್ಚಿಗೆ ಇರಲಿ ಎಂದು ಒಂದೊಂದು ಜಾಸ್ತಿ. ನಕಲಿನ ಮೇಲೆ ಅಡ್ಡಲಾಗಿ ‘ಈ ನಂಬರಿನ ಕಾರಿನ ವರ್ಗಾವಣೆಗೆ ಮಾತ್ರ’ ಎಂದು ಒಂದು ಸಾಲು ಬರೆದಿದ್ದರೆ ಅವರ ಆಸ್ತಿಯೇನೂ ಕರಗುತ್ತಿರಲಿಲ್ಲ. ಬರೆದರೆ ಎದುರಿನವರು ಏನಂದುಕೊಂಡಾರು ಎಂಬ ಸಂಕೋಚ. ಸಂಕೋಚಕ್ಕೆ ಈ ನಾಡಿನಲ್ಲಿ ಕೊಡುವಷ್ಟು ಬಡ್ಡಿಯನ್ನು ಸಾಲಕ್ಕೂ ಕೊಡುವುದಿಲ್ಲ.

ಇಷ್ಟಾದ ಮೇಲೆ ಮಧ್ಯವರ್ತಿ ಬ್ರಹ್ಮಾಸ್ತ್ರ ತೆಗೆದ: ಡೆಲಿವರಿ ನೋಟ್. ಮೇಲ್ಗಡೆ ಮನೆದೇವರ ಹೆಸರು, ಪ್ರಸನ್ನ. ಕೆಳಗೆ ರೆವಿನ್ಯೂ ಸ್ಟಾಂಪು. ಈ ದಿನ ಬೆಳಿಗ್ಗೆ 11 ಗಂಟೆ 20 ನಿಮಿಷದಿಂದ ಸದರಿ ವಾಹನಕ್ಕೆ ಸಂಬಂಧಿಸಿದ ಅಪಘಾತ, ಪೊಲೀಸ್ ಕೇಸು, ಆರ್‌ಟಿಒ ತೊಂದರೆ ಇತ್ಯಾದಿ ಸಕಲಕ್ಕೂ ನಾನೇ ಜವಾಬ್ದಾರನೆಂದು ಕೊಂಡವನು ಬರೆದುಕೊಡುವ ಶಾಸನ. ಸರ್ಕಾರಿ ಫಾರಂನಲ್ಲಿ ತಾರೀಖೇ ಇಲ್ಲ, ಇದರಲ್ಲಿ ನಿಮಿಷವೂ ಇದೆ. ನೋಂದಣಿ ಪುಸ್ತಕವನ್ನು ಬಿಟ್ಟು ಸಮಸ್ತ ಲೋಕವೂ ಇದನ್ನು ನಂಬುತ್ತದೆ. ಮೇಷ್ಟ್ರು ಅದನ್ನು ಲ್ಯಾಮಿನೇಟ್ ಮಾಡಿಸಿದರು. ಪೊಲೀಸರು ಬಾಗಿಲು ತಟ್ಟಿದಾಗ ತೋರಿಸಲು ಈ ಚೀಟಿ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಅದರಿಂದ ಮಾಲೀಕತ್ವ ಹೋಗುವುದಿಲ್ಲ. ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು ಎಂದು ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ. ಹನ್ನೊಂದು ಇಪ್ಪತ್ತರ ಮುಹೂರ್ತದ ಪ್ರಸ್ತಾಪ ಅದರಲ್ಲಿಲ್ಲ.

ಅನುಮಾನವಿದ್ದವರು ಸುಪ್ರೀಂ ಕೋರ್ಟಿನವರೆಗೂ ಹೋಗಿ ಕೇಳಿಕೊಂಡು ಬಂದಿದ್ದಾರೆ. ಕೈಯಿಂದ ಕೈಗೆ ಹೋಗಿ ನಾಲ್ಕನೆಯವನ ಬಳಿ ಇದ್ದ ಕಾರೊಂದು 2009ರಲ್ಲಿ ಅಪಘಾತ ಮಾಡಿತು. ದಾಖಲೆಯಲ್ಲಿ ಇದ್ದದ್ದು ಮೊದಲನೆಯವನ ಹೆಸರು. ಹೈಕೋರ್ಟು ಕೊನೆಯವನೇ ಹೊಣೆ ಎಂದಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿ, ಪರಿಹಾರ ಕೊಡಬೇಕಾದವನು ದಾಖಲೆಯಲ್ಲಿರುವ ಮಾಲೀಕನೇ ಎಂದಿತು. ಗಾಯಗೊಂಡವರು ನೋಂದಣಿಯಾಗದ ಮಾರಾಟಗಳ ಜಾಡು ಹಿಡಿದು ಅಲೆಯುವಂತಾಗಬಾರದು ಎಂಬುದು ಪೀಠದ ತರ್ಕ. ಇದರಲ್ಲಿ ನಗುವಂಥದ್ದೇನೂ ಇಲ್ಲ, ನ್ಯಾಯವೇ ಇದೆ. ರಸ್ತೆಯಲ್ಲಿ ಕಾಲು ಕಳೆದುಕೊಂಡವನಿಗೆ ನಿಮ್ಮ ಲ್ಯಾಮಿನೇಟ್ ಮಾಡಿದ ಚೀಟಿಯಿಂದ ಆಗಬೇಕಾದದ್ದೇನು?

2025ರ ನವೆಂಬರ್ 10ರ ಸಂಜೆ ದೆಹಲಿಯ ಕೆಂಪುಕೋಟೆಯ ಹತ್ತಿರ ಸ್ಫೋಟಗೊಂಡ ಕಾರೂ ಹೀಗೆ ಕೈ ಬದಲಾಯಿಸಿದ್ದೇ. ಪೊಲೀಸರು ನಂಬರು ಹಿಡಿದು ಮೊದಲು ಹೋದದ್ದು ಅದನ್ನು ಎಂದೋ ಮಾರಿದ್ದ ಮನುಷ್ಯನ ಬಳಿಗೆ. ದಾಖಲೆ ಹೇಳಿದ ಕಡೆಗೆ ಅವರು ಹೋದರು, ಹೋಗಬೇಕಾದದ್ದೂ ಅಲ್ಲಿಗೇ.

ಸರ್ಕಾರ ಕೈಕಟ್ಟಿ ಕುಳಿತಿತ್ತು ಎಂದೂ ಅನ್ನಲಾಗದು. 2023ರ ಏಪ್ರಿಲ್ 1ರಿಂದ ಹೊಸ ನಿಯಮ ಜಾರಿಯಲ್ಲಿದೆ. ಹಳೆಯ ವಾಹನಗಳ ವ್ಯಾಪಾರಿ ಆರ್‌ಟಿಒದಿಂದ ಅಧಿಕಾರಪತ್ರ ಪಡೆದಿರಬೇಕು. ನೀವು ಕಾರು ಒಪ್ಪಿಸಿದ್ದನ್ನು ಸರ್ಕಾರದ ವಾಹನ ನೋಂದಣಿ ಪೋರ್ಟಲ್‌ನಲ್ಲಿ ತಿಳಿಸಿದರೆ, ಅದು ಅವನ ಬಳಿ ಇರುವಷ್ಟು ಕಾಲ ಅವನೇ ಮಾಲೀಕನೆಂದು ಪರಿಗಣನೆ. ಕಾರು ಎಲ್ಲಿಗೆ, ಯಾಕೆ ಹೋಗಿ ಬಂತು ಎಂಬ ಲೆಕ್ಕವನ್ನೂ ಅವನು ಇಡಬೇಕು. ಒಳ್ಳೆಯ ನಿಯಮ. ನಿಮ್ಮ ಬೀದಿಯ ಕೊನೆಯಲ್ಲಿ, ಹುಣಸೆಮರದ ಕೆಳಗೆ ನಾಲ್ಕು ಕಾರು ನಿಲ್ಲಿಸಿಕೊಂಡು, ಒಂದೇ ಮೊಬೈಲ್ ನಂಬರಿಗೆ ಮೂರು ಹೆಸರಿನ ಫಲಕ ಹಾಕಿಕೊಂಡವನನ್ನು ಅಧಿಕಾರಪತ್ರ ತೋರಿಸಪ್ಪಾ ಎಂದು ಕೇಳಿ ನೋಡಿ. ಅವನು ತಿರುಪತಿಯ ಲಡ್ಡು ತೆಗೆದು ಕೈಗಿಡುತ್ತಾನೆ. ನಂಬಿಕೆಯ ಮಾತಾಡುತ್ತಾನೆ.

ಆನ್‌ಲೈನಿನಲ್ಲಿ ಕೊಳ್ಳುವವರು ಲಡ್ಡು ಕೊಡಲಾರರು, ಆದ್ದರಿಂದ ಸಮವಸ್ತ್ರದಲ್ಲಿ ಬರುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಸೇನೆಯ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು. ಕಾರನ್ನು ನೋಡುವುದಿಲ್ಲ, ಚೌಕಾಸಿ ಇಲ್ಲ, ಹೇಳಿದ ಬೆಲೆಗೇ ಜೈ ಹಿಂದ್. ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ ಎನ್ನುತ್ತಾರೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಒತ್ತಿದರೆ ಹೋಗುವುದು ನಿಮ್ಮ ಹಣವೇ ಎಂಬುದು ನಿಮ್ಮ ಬೀದಿಯ ಸೊಪ್ಪಿನವಳಿಗೂ ಗೊತ್ತು. ಆದರೆ ದೇಶಪ್ರೇಮದ ಎದುರು ಅಂಥ ಸಣ್ಣ ವಿಷಯ ಯಾರಿಗೆ ನೆನಪಾಗುತ್ತದೆ?

ಇಷ್ಟೆಲ್ಲ ಓದಿಕೊಂಡು ನೀವು ಈ ಸಲ ಗಟ್ಟಿಯಾಗಿ ನಿಂತಿರಿ ಎನ್ನೋಣ. ಫಾರಂನಲ್ಲಿ ನಿಮ್ಮ ಹೆಸರು ವಿಳಾಸ ಈಗಲೇ, ನನ್ನ ಎದುರಿಗೇ ಬರೆಯಿರಿ ಎಂದಿರಿ. ಕೊಳ್ಳಲು ಬಂದವನ ಮುಗುಳ್ನಗೆ ಅರ್ಧಕ್ಕಿಳಿಯಿತು. ನಿಮ್ಮ ಆಧಾರ್ ಅಸಲಿ ತೋರಿಸಿ ಎಂದಿರಿ. ಅವನು ಮಧ್ಯವರ್ತಿಯ ಮುಖ ನೋಡಿದ. ಬ್ಯಾಂಕಿಗೆ ಹಣ ಬಂದದ್ದನ್ನು ನನ್ನ ಖಾತೆ ತೆರೆದು ನೋಡಿಕೊಳ್ಳುತ್ತೇನೆ, ನಿಮ್ಮ ಮೊಬೈಲಿನ ಚಿತ್ರ ಸಾಲದು ಎಂದಿರಿ. ಕೆಮ್ಮಿದ. ಆರ್‌ಟಿಒಗೆ ಜೊತೆಯಲ್ಲೇ ಹೋಗೋಣ, ವರ್ಗಾವಣೆಯ ಅರ್ಜಿಗೆ ರಸೀದಿ ಸಿಕ್ಕ ಮೇಲೆ ಅಸಲಿ ಆರ್‌ಸಿ ನಿಮ್ಮ ಕೈಗೆ, ಅಲ್ಲಿಯವರೆಗೆ ನನ್ನ ಕಪಾಟಿನಲ್ಲಿ ಎಂದಿರಿ. ಮತ್ತೆ ಫಾರಂ 29ರ ಒಂದು ಪ್ರತಿಯನ್ನು ನಾನೇ ಕೊಟ್ಟು ಸ್ವೀಕೃತಿ ಪಡೆಯುತ್ತೇನೆ, ಆಮೇಲೂ ಹೆಸರು ಬದಲಾಯಿತೇ ಎಂದು ಪೋರ್ಟಲ್‌ನಲ್ಲಿ ನೋಡುತ್ತಲೇ ಇರುತ್ತೇನೆ ಎಂದಿರಿ.

ಆಗ ಇಬ್ಬರೂ ಕಾರಿನ ಹಿಂದಕ್ಕೆ ಸರಿದು ಪಿಸುಗುಟ್ಟುತ್ತಾರೆ. ಬಂದವನು ಡಿಕ್ಕಿ ತೆಗೆದು ಮುಚ್ಚುತ್ತಾನೆ, ಬಗ್ಗಿ ಚಾಸಿಸ್ ನಂಬರನ್ನು ಬೆರಳಿನಿಂದ ಉಜ್ಜಿ ನೋಡುತ್ತಾನೆ, ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಾನೆ. ಕಾರು ನೋಡುವಾಗ ಅವನು ಇಷ್ಟು ಎಚ್ಚರಿಕೆ ತೋರಿಸಿರಲಿಲ್ಲ. ಮಧ್ಯವರ್ತಿ ನಿಮ್ಮ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದು, ದನಿ ತಗ್ಗಿಸಿ ಹೇಳುತ್ತಾನೆ: ‘ಪಾರ್ಟಿಗೆ ಅನುಮಾನ ಬಂದುಬಿಟ್ಟಿದೆ ಸಾರ್. ಇಷ್ಟೊಂದು ದಾಖಲೆ ಕೇಳುತ್ತಿದ್ದಾರೆ ಎಂದರೆ ಗಾಡಿಯಲ್ಲಿ ಏನೋ ಎಡವಟ್ಟು ಇರಬೇಕು ಎನ್ನುತ್ತಿದ್ದಾರೆ. ಹದಿನೈದು ಸಾವಿರ ಇಳಿಸಿ, ಒಪ್ಪಿಸುತ್ತೇನೆ. ಇಲ್ಲದಿದ್ದರೆ ಪಕ್ಕದ ಬೀದಿಯಲ್ಲಿ ಇದೇ ಮಾದರಿಯ ಗಾಡಿ ಇದೆ. ಓನರ್ ತುಂಬ ಒಳ್ಳೆಯವರು, ಎಲ್ಲ ಕಡೆ ಸಹಿ ಹಾಕಿ ಇಟ್ಟುಬಿಟ್ಟಿದ್ದಾರೆ.’